ಸೀರೆ ಅಂಗಡಿಗೆ ಬಂದ ಬೀಗರು

ಡಿಗ್ರಿ ಮುಗಿದ ವರ್ಷ ನಾನು ಖಾಸಬಾಗದ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ನನಗೆ ಕೆಲಸ ಕಲಿಸಿದವರು ಖಾನಾಪುರದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ ಒಬ್ಬ ಹಿರಿಯ ಹೆಂಗಸು. ಎಲ್ಲರೂ ಅವರನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಸೀರೆ ಮಡಚುವುದಕ್ಕಿಂತ ಮೊದಲು ಅವರು ನನಗೆ ಕಲಿಸಿದ್ದು ಕಳ್ಳರಿಗಿರುವ ಬೇರೆ ಬೇರೆ ಹೆಸರುಗಳನ್ನು.

ನಮ್ಮ ಮನೆಯಲ್ಲಿ ಕಳ್ಳತನಕ್ಕೆ ಇದ್ದದ್ದು ಒಂದೇ ಮಾತು: ತುಡುಗು. ಹಾಲು ಕುಡಿದ ಬೆಕ್ಕೂ ತುಡುಗು, ಕಂಡವರ ಹೊಲಕ್ಕೆ ನುಗ್ಗಿದ ಎಮ್ಮೆಯೂ ತುಡುಗು. ಅಂಗಡಿಯಲ್ಲಿ ಆ ಮಾತು ಆಡುವಂತಿರಲಿಲ್ಲ. "ಗಿರಾಕಿ ಕಿವಿಗಿ ಬಿದ್ರ ಮುಗೀತು" ಎನ್ನುತ್ತಿದ್ದರು ಮಾವಶಿ. ಸೀರೆ ಮಾಯವಾದರೆ ಅದು 'ಲಂಪಾಸ್'. ಪಳಗಿದವರ ಕೈಚಳಕ 'ಹಾತ್ ಸಫಾಯಿ'. ಬೇಕಿಲ್ಲದಿದ್ದರೂ ಎತ್ತಿಕೊಳ್ಳುವ ಚಟದವರು 'ಕೈ ಉದ್ದ' ಇದ್ದವರು. ಅನುಮಾನದ ಗಿರಾಕಿ ಒಳಗೆ ಕಾಲಿಟ್ಟರೆ 'ಬೀಗರು ಬಂದಾರ'. ಬೀಗರಿಗೆ ಏನೂ ಅನ್ನುವಂತಿಲ್ಲ, ಅವರ ಮೇಲಿನ ಕಣ್ಣು ತೆಗೆಯುವಂತೆಯೂ ಇಲ್ಲ.

ಶ್ರಾವಣದ ಒಂದು ಮಧ್ಯಾಹ್ನ ಅರವತ್ತು ದಾಟಿದ ಒಬ್ಬ ಹೆಂಗಸು ಬಂದರು. ಅದೇ ಊರಿನ ಸದಾಶಿವನಗರದವರಂತೆ. ಕಿವಿಯಲ್ಲಿ ಮುತ್ತು, ಮಾತಿನಲ್ಲಿ ನಯ. ನಾನು ಹನ್ನೆರಡು ಸೀರೆ ಬಿಚ್ಚಿ ಹಾಸಿದೆ. ಅಷ್ಟರಲ್ಲಿ ಪಕ್ಕದಿಂದ ಮಾವಶಿಯ ದನಿ ಬಂತು. "ತಂಗಿ, ಬೀಗರಿಗೆ ನೀರು ಕೊಟ್ಟಿಯೇನು?"

ನಾನು ನಿಜಕ್ಕೂ ನೀರು ತರಲು ಎದ್ದೆ! ಎರಡು ಹೆಜ್ಜೆ ಇಟ್ಟ ಮೇಲೆ ಅರ್ಥವಾಗಿ ತಿರುಗಿ ನೋಡಿದರೆ, ಹಾಸಿನ ಮೇಲೆ ಹನ್ನೊಂದೇ ಸೀರೆ. ಅವರ ಚೀಲ ಬಾಯಿ ತೆರೆದು ಖಾಲಿ ಬಿದ್ದಿತ್ತು. ಸೆರಗು ಮಿಸುಕಿರಲಿಲ್ಲ. ನನ್ನ ಎದುರಿಗೇ, ಮಾತನಾಡುತ್ತಲೇ, ಒಂಬತ್ತು ಗಜದ ಸೀರೆಯೊಂದನ್ನು ಮಾಯ ಮಾಡಿದ್ದರು. ಸಿಟ್ಟಿಗಿಂತ ಮೊದಲು ನನಗೆ ಬಂದದ್ದು ಬೆರಗು.

ಮಾವಶಿ ನಗುತ್ತ ಬಂದರು. "ಅಕ್ಕಾರ, ನಿಮ್ಮ ನಿರಿಗಿ ಸಡಲೇತ್ರಿ. ಒಳಗ ಬರ್ರಿ, ಸರಿ ಮಾಡತೇನಿ."

ಕನ್ನಡಿ ಇದ್ದ ಒಳಕೋಣೆಗೆ ಇಬ್ಬರೂ ಹೋದರು. ಸ್ವಲ್ಪ ಹೊತ್ತಿಗೆ ಆ ಹೆಂಗಸು ತಲೆ ತಗ್ಗಿಸಿ ಅಂಗಡಿ ಇಳಿದು ಹೋದರು. ಹಿಂದೆ ಬಂದ ಮಾವಶಿಯ ತೋಳಿನ ಮೇಲೆ ಹನ್ನೆರಡನೆಯ ಸೀರೆ ಇತ್ತು. ಮಾಲೀಕರು ಏನಾಯಿತೆಂದು ಕೇಳಿದರು. "ಏನಿಲ್ರಿ, ಕನ್ನಡಿ ಮುಂದ ಬಣ್ಣ ನೋಡಬೇಕಂದ್ರು" ಎಂದುಬಿಟ್ಟರು ಮಾವಶಿ.

ಊಟದ ಹೊತ್ತಿನಲ್ಲಿ ನಾನು ತಡೆಯಲಾರದೆ ಕೇಳಿದೆ. "ಯಾಕ ಬಿಟ್ರಿ ಅವರನ್ನ?"

"ಆಕಿ ಒಳಗ ಅತ್ತು ಏನಂದ್ಲು ಗೊತ್ತೈತೇನು? 'ನಂಗ ಬ್ಯಾಡಾಗಿತ್ತವ್ವಾ, ಕೈ ಕೇಳಲಿಲ್ಲ' ಅಂದ್ಲು."

ಆಮೇಲೆ ಅವರು ತಮ್ಮ ತಂಗಿಯ ಸುದ್ದಿ ತೆಗೆದರು. ಆ ಹುಡುಗಿ ಸಾಲಿಯಲ್ಲಿ ಇನ್ನೊಬ್ಬಳ ಕಂಪಾಸ್ ಪೆಟ್ಟಿಗೆ ತೆಗೆದುಕೊಂಡಿದ್ದಳು. ಒಂದೇ ಸಲ. "ನಮ್ಮ ಖಾನಾಪುರದಾಗ ಎರಡು ಭಾಷಾ. ಕನ್ನಡದವರು ತುಡುಗಿ ಅಂದ್ರು, ಮರಾಠಿಯವರು ಚೋರಟಿ ಅಂದ್ರು. ಜಾಂಬೋಟಿಗಿ ಲಗ್ನಾ ಮಾಡಿ ಕೊಟ್ಟ ಮ್ಯಾಲ ಹಬ್ಬಕ್ಕೂ ಆಕಿ ನಮ್ಮ ಓಣಿಗಿ ಬರಲಿಲ್ಲ." ಇಷ್ಟು ಹೇಳಿ ಮಾವಶಿ ರೊಟ್ಟಿ ಮುರಿದರು.

ತಿಂಗಳಾದ ಮೇಲೆ ಆ ಸದಾಶಿವನಗರದವರು ಮತ್ತೆ ಬಂದರು. ನಾನು ಹಾಸಿನ ಮೇಲಿದ್ದ ಸೀರೆಗಳನ್ನು ಎಣಿಸತೊಡಗಿದೆ. ಮಾವಶಿ ಮಾತ್ರ ದುಡ್ಡಿನ ಗಲ್ಲೆಯ ಈಚೆಗೆ, ನಮ್ಮ ಬಾಜುವಿಗೇ ಅವರನ್ನು ಕರೆದರು. "ಬರ್ರಿ ಅಕ್ಕಾರ, ಕುಂದರ್ರಿ. ಇವತ್ತ ಭಾಳ ಗದ್ದಲ ಐತಿ. ಸ್ವಲ್ಪ ಕೈ ಹಚ್ಚತೀರೇನು?" ಎನ್ನುತ್ತ ಗಿರಾಕಿಗಳು ಬಿಚ್ಚಿ ಹೋದ ಸೀರೆಗಳ ರಾಶಿಯನ್ನು ಅವರ ಮಡಿಲಿಗೆ ಹಾಕಿದರು.

ಅವರು ಒಂದು ಗಳಿಗೆ ರಾಶಿಯನ್ನೇ ನೋಡಿದರು. ಆಮೇಲೆ ಮಡಚತೊಡಗಿದರು. ಎಂಥ ಬೆರಳುಗಳು! ಅಂಚಿಗೆ ಅಂಚು ಕೂಡಿ, ಒಂದು ಸುಕ್ಕಿಲ್ಲದೆ, ನಾನು ಒಂದು ಮಡಚುವಷ್ಟರಲ್ಲಿ ಮೂರು. ಮುಂದೆ ಎಷ್ಟೋ ಮಧ್ಯಾಹ್ನ ಹಾಗೆಯೇ ಬಂದು ಕುಳಿತರು. ಅವರು ಕುಳಿತ ಯಾವ ದಿನವೂ ಒಂದು ಸೀರೆ ಕಡಿಮೆಯಾಗಲಿಲ್ಲ. ಹೀಗೂ ಆಗುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಹೊರಡುವಾಗ ಅವರು ಪ್ರತಿ ಸಲ ಬಾಗಿಲಲ್ಲಿ ನಿಂತು ತಮ್ಮ ಚೀಲದ ಬಾಯಿ ತಾವೇ ಅಗಲಿಸಿ ತೋರಿಸುತ್ತಿದ್ದರು. ಮಾವಶಿ ಒಂದು ಸಲವೂ ಅದರೊಳಗೆ ಇಣುಕಲಿಲ್ಲ. ರಸ್ತೆಯ ಕಡೆ ಮುಖ ಮಾಡಿ, "ಮಳಿ ಬರೂ ಹಂಗ ಐತ್ರಿ ಅಕ್ಕಾರ, ಲಗೂನ ಮನಿ ಮುಟ್ಟರಿ" ಎನ್ನುತ್ತಿದ್ದರು.