ಅತ್ತೆಯ ದನಿಗೆ ಐದು ಗುಂಡಿ

"ಯಾವನ್ಲಾ ಇವ್ನು, ನನ್ ಹಾಡ ಹಾಡ್ತಿರೋನು?"

ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದ ನಮ್ಮತ್ತೆ ಹೀಗೆ ಕೇಳಿದಾಗ ನನ್ನ ಗಂಡನ ಮುಖ ನೋಡಬೇಕಿತ್ತು. ಟೇಪಿನಲ್ಲಿ ಹಾಡುತ್ತಿದ್ದವರು ಸ್ವತಃ ಅತ್ತೆಯೇ!

ಎಂಬತ್ತರ ದಶಕದ ಮಾತು. ನಮ್ಮ ಯಜಮಾನರು ಮಧುಗಿರಿಯಲ್ಲಿ ಅಂಬಾಸಿಡರ್ ಟ್ಯಾಕ್ಸಿ ಓಡಿಸುತ್ತಿದ್ದರು. (ಅಂಬಾಸಿಡರ್ ಅಂತ ಟೈಪ್ ಮಾಡೋಕೆ ಮೂರು ಸಲ ಅಳಿಸಿದ್ದೇನೆ. ಈ ಫೋನಿಗೆ ನನ್ನ ಬೆರಳು ದಪ್ಪವಂತೆ.) ನಾದಿನಿಯ ಮದುವೆಗೆ ನಾಲ್ಕು ದಿನ ಇರುವಾಗ ಶಿರಾಗೆ ಹೋಗಿ ಕಾರಿಗೆ ಟೇಪು, ಸ್ಪೀಕರು, ದನಿಯ ಏರಿಳಿತ ಸಮ ಮಾಡೋ ಈಕ್ವಲೈಸರು ಎಲ್ಲ ಹಾಕಿಸಿಕೊಂಡು ಬಂದರು. ಜೊತೆಗೆ ಕ್ರಾಸ್‌ಓವರ್ ಅನ್ನೋ ಡಬ್ಬಿ ಬೇರೆ. "ಬಾರೀಕ್ ಆವಾಜ್ ಚಿಕ್ಕ ಸ್ಪೀಕರ್‌ಗೆ, ಭಾರೀ ಆವಾಜ್ ದೊಡ್ಡದಕ್ಕೆ. ಈ ಡಬ್ಬಿ ಹಂಚ್ತೈತೆ" ಅಂದಿದ್ದರಂತೆ ಅಲ್ಲಿನ ಮೆಕ್ಯಾನಿಕ್ ಸಾಬರು.

ಮದುಮಗಳ ಕಾರಿನಲ್ಲಿ ಅಮ್ಮನ ಸೋಬಾನೆ ಹಾಕಬೇಕು ಅಂತ ಇವರ ಆಸೆ. ಕ್ಯಾಸೆಟ್ಟಿಗೆ ಹಾಡಿಸಿದ್ದೂ ಆಯಿತು. ಕೇಳಿಸಿದರೆ ಹೀಗೆ!

ಅದು ನಿಂದೇ ದನಿ ಅಂತ ಇವರು ಹೇಳಿದ್ದಕ್ಕೆ, "ನನ್ ದನಿ ಇಂಗೈತಾ? ಅಂಗಾದ್ರೆ ಮದ್ವೇಲಿ ನಾನ್ ಬಾಯ್ ಬುಡಾಕಿಲ್ಲ" ಅಂದುಬಿಟ್ಟರು ಅತ್ತೆ. ಐ.ಡಿ.ಹಳ್ಳಿಯವರೆಗೂ ಸೋಬಾನೆಗೆ ಕರೆಸಿಕೊಳ್ಳುತ್ತಿದ್ದ ಹೆಂಗಸು ಸ್ವಂತ ಮಗಳ ಮದುವೆಯಲ್ಲೇ ಹಾಡಲ್ಲ ಅಂದರೆ? ನಾದಿನಿ ಅಳೋಕೆ ಶುರು.

ಇವರು ಈಕ್ವಲೈಸರಿನ ಐದು ಗುಂಡಿಗಳ ಮೇಲೆ ಬಿದ್ದರು. ಮೇಲಕ್ಕೆ ಎಳೆದರು, ಕೆಳಕ್ಕೆ ತಳ್ಳಿದರು. ಕಾರೆಲ್ಲ ಗುಂಯ್ ಅಂದಿತು.

"ಸಣ್ಣಕ್ ಮಾಡ್ಲಾ!" ಅತ್ತೆ ಕೂಗಿದರು. ಸೌಂಡು ಕಮ್ಮಿ ಮಾಡು ಅಂತ ಅವರ ಅರ್ಥ. ಇವರ ತಲೆ ತುಂಬ ಸಾಬರ ಬಾರೀಕ್ ಆವಾಜು, ಅಂದರೆ ಕೀಚಲು ಸಣ್ಣ ದನಿ! ಸಣ್ಣ ದನಿಯ ಗುಂಡಿಗಳನ್ನು ಪೂರ್ತಿ ಏರಿಸಿದರು. ತಗಡು ಕೆರೆದ ಹಾಗಾಯಿತು.

"ಸಣ್ಣಕ್ ಅಂದ್ನಲ್ಲೋ!"

"ಇದ್ಕಿಂತ ಸಣ್ಣಕ್ ಆಗಾಕಿಲ್ಲ ಕಣಮ್ಮ!"

ನಾನು ನಗು ತಡೆಯಲಾರದೆ ಕಾರಿಂದ ಇಳಿದೇಬಿಟ್ಟೆ.

ಆಮೇಲೆ ಒಂದು ಉಪಾಯ ಹೇಳಿದೆ. ಅತ್ತೆ ಒಂದು ಸಾಲು ಹಾಡೋದು, ಟೇಪಿನಲ್ಲೂ ಅದೇ ಸಾಲು ಹಾಕೋದು, ಎರಡೂ ಒಂದೇ ಥರ ಕೇಳುವವರೆಗೆ ಗುಂಡಿ ಸರಿಸೋದು. ಅರ್ಧ ಗಂಟೆಯಲ್ಲಿ ಸರಿಹೋಯಿತು. ನಮ್ಮ ಮೂವರಿಗೂ ಅದು ಸಾಕ್ಷಾತ್ ಅತ್ತೆ. ಅತ್ತೆಗೆ ಮಾತ್ರ ಈಗಲೂ ಗಂಡಸೇ! ತನ್ನ ದನಿಯನ್ನು ಹೊರಗೆ ನಿಂತು ಯಾರು ಕೇಳಿರುತ್ತಾರೆ ಹೇಳಿ?

ನಾನು ಹಣೆ ಚಚ್ಚಿಕೊಂಡೆ. "ಅಯ್ಯೋ, ಕ್ಯಾಸೆಟ್ಟೇ ಅದ್ಲುಬದ್ಲಾಗೈತೆ! ಇದು ಗೌರಕ್ಕಂದು ಕಣತ್ತೆ."

ಗೌರಕ್ಕ ನಮ್ಮ ಬೀದಿಯಲ್ಲಿ ಸೋಬಾನೆ ಹಾಡುವ ಇನ್ನೊಬ್ಬಳು. ಅತ್ತೆಗೆ ಅವಳನ್ನು ಕಂಡರೆ ಆಗದು.

ಮುಖ ಅರಳಿತು ನೋಡಿ! "ಅಂಗನ್ನು ಮತ್ತೆ! ಆ ಗೊಗ್ಗರು ದನಿ ಇನ್ಯಾರ್ದು? ಮದ್ವೆಗ್ ಬರ್ಲಿ, ಹಾಡೋದು ಹೆಂಗೆ ಅಂತ ತೋರಿಸ್ತೀನಿ."

ತೋರಿಸಿದರು. ಧಾರೆಯಿಂದ ಹೆಣ್ಣು ಒಪ್ಪಿಸುವವರೆಗೆ ಹಾಡಿದ್ದೇ ಹಾಡಿದ್ದು. ನಾದಿನಿ ಹಿಗ್ಗಿ ಹೋದಳು. ಪಾಪ ಗೌರಕ್ಕನಿಗೆ ಬಾಯಿ ತೆರೆಯೋಕೂ ಸಂದು ಸಿಗಲಿಲ್ಲ.

ಹೆಣ್ಣು ಕಳಿಸುವಾಗ ಇವರು ಕಾರಿನಲ್ಲಿ ಅದೇ ಕ್ಯಾಸೆಟ್ ಹಾಕಿದರು. ಅತ್ತೆ ಕಿವಿಗೊಟ್ಟು ಕೇಳಿ, "ಪರ್ವಾಗಿಲ್ಲ ಕಣಮ್ಮ, ಗೌರಿನೂ ಚೆನ್ನಾಗೇ ಹಾಡ್ತಾಳೆ" ಅಂದರು. ಅಷ್ಟೇ ಅಲ್ಲ, ಅವಳನ್ನು ತಾವೇ ಕರೆದು ತಾಂಬೂಲ ಕೊಟ್ಟರು.

ಈಗ ನೀವೇ ಹೇಳಿ, ಅವರಿಬ್ಬರನ್ನು ಸಮ ಮಾಡಿದ್ದು ಈಕ್ವಲೈಸರೋ, ನನ್ನ ಸುಳ್ಳೋ?