ನಾನು ಹಾಕದೆ ಹೋದ ತಾಳ

ನಾನು ಚಿಕ್ಕವಳಿದ್ದಾಗ ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್ಲಿನ ನಮ್ಮ ಮನೆಯ ಗ್ಯಾರೇಜಿನಲ್ಲಿ ಕಾರು ನಿಲ್ಲಿಸಲು ಜಾಗವೇ ಇರಲಿಲ್ಲ. ಅಲ್ಲಿ ಅಪ್ಪನ ಕ್ಲಾರಿನೆಟ್ಟು, ಅಕ್ಕನ ಡ್ರಮ್ಮು, ಒಂದು ಜೊತೆ ಹಿತ್ತಾಳೆಯ ತಾಳ ಮತ್ತು ಒಂದು ಕೆಂಪು ಕೋಟು ಇದ್ದವು. ಕೋಟಿನ ಭುಜಕ್ಕೆ ಜರಿ, ಎದೆಗೆ ಎರಡು ಸಾಲು ಹೊಳೆಯುವ ಗುಂಡಿ. ಮೈಸೂರಿನ ಮದುವೆ ಮೆರವಣಿಗೆಗಳಲ್ಲಿ ಬ್ಯಾಂಡು ನುಡಿಸುತ್ತಿದ್ದ ತಾತ ಅದನ್ನು ಅಪ್ಪನಿಗೆ ಕೊಟ್ಟಿದ್ದರು. ನುಸಿಗುಳಿಗೆ, ಬೆವರು ಎರಡೂ ಬೆರೆತ ಅದರ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ.

ಫ್ರೀವೇ ಪಕ್ಕದ ಬೋರ್ಡುಗಳ ತುಂಬ ಡಾಟ್ ಕಾಮ್ ಹೆಸರುಗಳೇ ಕಾಣುತ್ತಿದ್ದ ಕಾಲ ಅದು. ವಾರವೆಲ್ಲ ಅಪ್ಪ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ಭಾನುವಾರ ಬಂತೆಂದರೆ ಬ್ಯಾಂಡ್ ಮಾಸ್ಟರ್ ಆಗಿಬಿಡುತ್ತಿದ್ದ. ತಾತನಿಂದ ಕಲಿತ ಒಂದು ಪೋಲ್ಕಾ ಅವನಿಗೆ ಪ್ರಾಣ. ಪೋಲ್ಕಾ ಎಂದರೆ ಯುರೋಪಿನ ಹಳ್ಳಿಯವರು ಜೋಡಿಜೋಡಿಯಾಗಿ ಕುಣಿಯುವ, ಕಾಲನ್ನು ಸುಮ್ಮನಿರಲು ಬಿಡದ ಸಂಗೀತ. ತಾತನ ತಂದೆಗೆ ಯಾರೋ ಬಿಳಿಯ ಬ್ಯಾಂಡ್ ಮಾಸ್ಟರ್ ಕಲಿಸಿದ್ದನಂತೆ. ಬೇಲಿಯಾಚೆಯಿಂದ ಅದನ್ನು ಕೇಳಿದ ಪಕ್ಕದ ಮನೆಯ ಮುದುಕರು ಒಂದು ದಿನ ಅಕಾರ್ಡಿಯನ್ ಹೊತ್ತುಕೊಂಡೇ ಬಂದುಬಿಟ್ಟರು. ಅವರ ಅಜ್ಜನ ಮನೆಯಲ್ಲೂ ಪೋಲ್ಕಾ ಇತ್ತಂತೆ. ಅಲ್ಲಿಗೆ ನಮ್ಮ ಬ್ಯಾಂಡು ತಯಾರಾಯಿತು.

ನಮ್ಮ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಪೋಲ್ಕಾದ ಕೊನೆಯ ಪೆಟ್ಟು ಮನೆಯ ಕಿರಿಯ ಮಗುವಿನದು. ಆ ಮಗು ತಾಳವನ್ನು ಝಣ್ ಎಂದು ಬಡಿಯುವ ತನಕ ಮಾಸ್ಟರ್ ವಾದ್ಯವನ್ನು ಬಾಯಿಂದ ತೆಗೆಯುವಂತಿಲ್ಲ. ನಾಲ್ಕನೇ ವಯಸ್ಸಿನಿಂದ ಆ ಪೆಟ್ಟು ನನ್ನದು. ಅಕ್ಕ ತಾಳ ಮುಟ್ಟಿದರೂ ಸಾಕು, ರಂಪ ಮಾಡುತ್ತಿದ್ದೆ. ಹತ್ತು ತುಂಬುವ ಹೊತ್ತಿಗೆ ನನಗೆ ಅದೇನು ಬಂತೋ ಕಾಣೆ. ಕ್ಯುಪರ್ಟಿನೋದ ಒಂದು ಬರ್ತ್‌ಡೇ ಪಾರ್ಟಿಯಲ್ಲಿ, ಕಂಪನಿಯ ಟೀ ಶರ್ಟು ತೊಟ್ಟ ಅಪ್ಪಂದಿರೆಲ್ಲ ಸ್ಟಾಕಿನ ಮಾತಾಡುತ್ತಿದ್ದಾಗ, ಆಂಟಿಯೊಬ್ಬರು ಅಮ್ಮನನ್ನು ಕೇಳಿದ್ದರು: "ನಿಮ್ಮೆಜಮಾನ್ರ ಫ್ಯಾಮಿಲಿ ಮದ್ವೆ ಬ್ಯಾಂಡಿನೋರಾ? ಅಯ್ಯೋ, ನೋಡಿದ್ರೆ ಗೊತ್ತೇ ಆಗಲ್ಲ ಬಿಡಿ!" ಎಲ್ಲರೂ ನಕ್ಕರು. ಆ ನಗು ನನ್ನ ಕಿವಿ ಬಿಟ್ಟು ಹೋಗಲೇ ಇಲ್ಲ.

ಅದಾದ ಮೇಲಿನ ಭಾನುವಾರ, ನಮ್ಮ ಬ್ಯಾಂಡು ನುಡಿಸುತ್ತಿದ್ದ ಡೌನ್‌ಟೌನಿನ ಮಾರ್ಕೆಟ್ಟಿನಲ್ಲಿ ಸ್ಟ್ರಾಬೆರಿಯ ಘಮ, ಸುಟ್ಟ ಜೋಳದ ಹೊಗೆ. ಅಪ್ಪ ಕೆಂಪು ಕೋಟು ತೊಟ್ಟು, ಕೆನ್ನೆ ಉಬ್ಬಿಸಿ ಊದುತ್ತಿದ್ದ. ಜನ ನಿಂತಲ್ಲೇ ಕುಣಿಯುತ್ತಿದ್ದರು. ಅಷ್ಟರಲ್ಲಿ ನನ್ನ ಕ್ಲಾಸಿನ ಇಬ್ಬರು ಹುಡುಗಿಯರು ಲೆಮನೇಡ್ ಸಾಲಿನಲ್ಲಿ ಕಂಡರು. ತಾಳವನ್ನು ಸ್ಟ್ರಾಬೆರಿ ಮೇಜಿನ ಕೆಳಗೆ ತಳ್ಳಿ, ಏನೂ ಅರಿಯದವಳಂತೆ ಅವರ ಪಕ್ಕ ಹೋಗಿ ನಿಂತೆ.

"ಆ ರೆಡ್ ಕೋಟು ನಿನ್ನ ಡ್ಯಾಡ್ ಅಲ್ವಾ?" ಎಂದು ಒಬ್ಬಳು ಕೇಳಿದಳು.

"ಅಲ್ಲ, ಯಾರೋ ಗೊತ್ತಿಲ್ಲ," ಎಂದೆ. ಎಷ್ಟು ಸಲೀಸಾಗಿ ಬಾಯಿಂದ ಬಂತು ಆ ಮಾತು!

ಪೋಲ್ಕಾ ಕೊನೆಗೆ ಬಂತು. ತಾಳ ಬೀಳಲಿಲ್ಲ. ಅಪ್ಪ ಮತ್ತೆ ಮೊದಲಿನಿಂದ ಶುರುಮಾಡಿದ. ಜನ ಖುಷಿಯಿಂದ ಚಪ್ಪಾಳೆ ತಟ್ಟಿದರು. ಎರಡನೇ ಸುತ್ತು, ಮೂರನೇ ಸುತ್ತು. ಮುದುಕರ ಬೆರಳು ತಡವರಿಸತೊಡಗಿತು, ಅಕ್ಕ ಡ್ರಮ್ಮು ಬಡಿಯುತ್ತಲೇ ಕುತ್ತಿಗೆ ಚಾಚಿ ನನ್ನನ್ನು ಹುಡುಕುತ್ತಿದ್ದಳು. ಅಪ್ಪನ ಮುಖ ಕೋಟಿನಷ್ಟೇ ಕೆಂಪಾಗಿತ್ತು. ಐದನೇ ಸುತ್ತಿನಲ್ಲಿ ಅವನ ಕಣ್ಣಿಗೆ ನಾನು ಬಿದ್ದೆ. ನನ್ನನ್ನು ನೋಡಿದ, ಪಕ್ಕದ ಹುಡುಗಿಯರನ್ನು ನೋಡಿದ. ನಾನು ಮುಖ ತಿರುಗಿಸಿದೆ.

ಅಪ್ಪ ನಡುವೆಯೇ ಕ್ಲಾರಿನೆಟ್ಟನ್ನು ಬಾಯಿಂದ ತೆಗೆದ. "ಸಾರಿ, ಉಸಿರು ಸಾಲಲಿಲ್ಲ," ಎಂದು ಜನರಿಗೆ ಇಂಗ್ಲಿಷಿನಲ್ಲಿ ಹೇಳಿ ನಕ್ಕ. ನನ್ನ ಹೆಸರು ಹಿಡಿದು ಕೂಗಲಿಲ್ಲ.

ಮನೆಗೆ ಹೋಗುವಾಗ ಕಾರಿನಲ್ಲಿ ಬೈಗುಳಕ್ಕಾಗಿ ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ಲೆಮನೇಡು ಚೆನ್ನಾಗಿತ್ತಾ, ಪುಟ್ಟಿ?" ಎಂದ, ಅಷ್ಟೇ. ಮುಂದಿನ ಭಾನುವಾರ ಅವನು ಕಂಪನಿಯ ಟೀ ಶರ್ಟು ತೊಟ್ಟು ಬಂದ. "ಕೋಟು ಯಾಕೋ ಸೆಕೆ ಕಣಮ್ಮ," ಎಂದ. ಅಂದು ಕೈ ನೋಯುವಷ್ಟು ಜೋರಾಗಿ ತಾಳ ಬಡಿದೆ. ಅಪ್ಪ ತಲೆದೂಗಿದ, ಆದರೆ ಕೋಟನ್ನು ಮತ್ತೆ ತೊಡಲಿಲ್ಲ. ಅವನಿರುವವರೆಗೂ ನಾನು ಕ್ಷಮೆ ಕೇಳಲಿಲ್ಲ. ಇವತ್ತು ಕೇಳೋಣ, ನಾಳೆ ಕೇಳೋಣ ಎಂದುಕೊಂಡೇ ವರ್ಷಗಳು ಕಳೆದವು.

ಮಕ್ಕಳೇ, ನಿಮ್ಮ ಕಾಲದ ಹಾಡು ಬೆರಳು ತಾಗಿಸಿದರೆ ನಿಂತುಬಿಡುತ್ತದೆ, ಯಾರಿಗಾಗಿಯೂ ಕಾಯುವುದಿಲ್ಲ. ಆದರೂ ಹೋದ ಭಾನುವಾರ ಕ್ಯಾಲಿಫೋರ್ನಿಯಾದ ಈ ಡಬ್ಲಿನ್ನಿನ ಪಾರ್ಕಿನಲ್ಲಿ ಈ ಮುದುಕಿ ಅದೇ ಕೆಂಪು ಕೋಟಿನ ತೋಳು ಮಡಚಿ ತೊಟ್ಟು ಪೋಲ್ಕಾ ಊದುತ್ತಿದ್ದಾಗ, ನಿಮ್ಮಲ್ಲಿ ಕಿರಿಯವಳು ಗೆಳತಿಯರನ್ನು ಎಳೆದುಕೊಂಡು ಓಡಿಬಂದಳು. "ದಟ್ಸ್ ಮೈ ಅಜ್ಜಿ! ಲಾಸ್ಟ್ ಒನ್ ನಂದು!" ಎಂದು ಕೂಗಿ ಝಣ್ ಎಂದು ಬಡಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜಿ ಯಾಕೆ ತಲೆ ತಗ್ಗಿಸಿದಳು ಎಂದು ನೀವು ಕೇಳಿದಿರಲ್ಲ, ಇದಕ್ಕೇ. ಆ ಕೂಗನ್ನು ಅಪ್ಪ ಒಂದು ಸಲ ನನ್ನ ಬಾಯಿಂದ ಕೇಳಬೇಕಿತ್ತು.