ಕೋಚ್ ನಮ್ಮನ್ನು ಕರೆಯಲಿಲ್ಲ

ಚಹಾದ ಗ್ಲಾಸು ಮುಂದೆ ಹಿಡಿದರೂ ನಮ್ಮ ಕೋಚ್ ಮೊದಲು ಬಲ ಹೆಗಲಿನಾಚೆ ಒಮ್ಮೆ, ಎಡ ಹೆಗಲಿನಾಚೆ ಒಮ್ಮೆ ಕತ್ತು ತಿರುಗಿಸಿ ನೋಡಿಯೇ ಕೈ ಚಾಚುತ್ತಿದ್ದರು. ದುಬೈಯ ಅಲ್ ಮುರಕ್ಕಬಾತ್‌ನ ಕೆಫೆಟೇರಿಯಾದವನಿಗೆ ಇವರು ಪೊಲೀಸರಿಗೆ ಬೇಕಾದ ಆಸಾಮಿಯೇನೋ ಎಂದು ಅನುಮಾನವಿತ್ತು. ಜೀವಮಾನವೆಲ್ಲ ಫುಟ್‌ಬಾಲ್ ಮೈದಾನದ ನಡುವೆ ಆಡಿದವರ ಕತ್ತು ಅದು. ಚೆಂಡು ಕಾಲಿಗೆ ಬರುವ ಮೊದಲೇ ಬೆನ್ನ ಹಿಂದೆ ಯಾರಿದ್ದಾರೆಂದು ತಿಳಿದಿರಬೇಕಂತೆ.

ಅವರು ಸರ್ಬಿಯಾದವರು. ತಮ್ಮ ದೇಶದಲ್ಲಿ ಮಿಡ್‌ಫೀಲ್ಡರ್ ಆಗಿ ಹೆಸರು ಮಾಡಿ, ಗ್ರೀಸಿನಲ್ಲಿ ಆಡುವಾಗ ಪಾದದ ಗಂಟು ಮುರಿದುಕೊಂಡು, ಅಲ್ಲಿಂದ ಮುಂದೆ ಕೋಚ್ ಆದವರು. ಒಂದೊಂದು ದೇಶದಲ್ಲಿ ಒಂದೊಂದು ತಂಡ ನೋಡಿಕೊಂಡು ಕೊನೆಗೆ ಇಲ್ಲಿನ ನಮ್ಮ ಸಣ್ಣ ಕ್ಲಬ್ಬಿಗೆ ಬಂದಿದ್ದರು. ನಾನು ಉಡುಪಿಯವನು, ಆ ಕ್ಲಬ್ಬಿನ ಫಿಸಿಯೋಥೆರಪಿಸ್ಟ್. ಅವರ ಬಾಯಲ್ಲಿ ಮಾತ್ರ ಮೊದಲ ದಿನದಿಂದಲೂ 'ಡಾಕ್ಟರ್'. ನಾನೂ ತಿದ್ದಲಿಲ್ಲ, ಕೇಳಲು ಹಿತವಾಗಿತ್ತು. ತರಬೇತಿ ಮುಗಿದ ಮೇಲೆ ಅವರು ನನ್ನ ಮೇಜಿನ ಮೇಲೆ ಕಾಲು ಚಾಚಿ ಮಲಗುತ್ತಿದ್ದರು. ನಾನು ಆ ಹಳೆಯ ಗಂಟನ್ನು ತಿಕ್ಕುತ್ತಿದ್ದಷ್ಟು ಹೊತ್ತೂ ಮಾತು.

"ನಾನು ಗೋಲು ಹೊಡೆಯುವವರಿಗೆ ಚೆಂಡು ಬಡಿಸುವವನು ಡಾಕ್ಟರ್. ಊಟ ಚೆನ್ನಾಗಿತ್ತು ಅನ್ನುವವರು ಬಡಿಸಿದವನ ಮುಖ ನೋಡುವುದಿಲ್ಲ. ನೋಡಬೇಕಾಗಿಯೂ ಇಲ್ಲ" ಎಂದು ನಗುತ್ತಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಗಳು ಊರಿನಲ್ಲಿದ್ದಳು. ಇಲ್ಲಿ ಅವರೊಬ್ಬರೇ.

ಅವರ ಕೆಲಸ ಹೋದದ್ದು ನನ್ನಿಂದ. ಯಾರೂ ಹಾಗೆ ಹೇಳಲಿಲ್ಲ, ಆದರೆ ನನಗೆ ಗೊತ್ತು. ಅಬುಧಾಬಿಯಲ್ಲಿ ಗೆಲ್ಲಲೇಬೇಕಾದ ಪಂದ್ಯವಿತ್ತು. ಗೋಲು ಹೊಡೆಯುವ ನಮ್ಮ ಒಬ್ಬನೇ ಆಟಗಾರನ ತೊಡೆಯ ಸ್ನಾಯುವಿನ ಗಾಯ ಇನ್ನೂ ಮಾಗಿರಲಿಲ್ಲ. ಕ್ಲಬ್ಬಿನ ದೊಡ್ಡವರು ಡ್ರೆಸ್ಸಿಂಗ್ ರೂಮಿಗೇ ಬಂದು, "ಯಲ್ಲಾ, ಬೇಗ ಇಂಜೆಕ್ಷನ್ ಕೊಟ್ಟು ಇಳಿಸಿ" ಎಂದರು. ಇಳಿದರೆ ಪೂರ್ತಿ ಹರಿಯುತ್ತದೆ ಎಂದು ನಾನು ಸಣ್ಣ ದನಿಯಲ್ಲಿ ಹೇಳಿದೆ. ದೊಡ್ಡವರು ನನ್ನನ್ನು ದುರುಗುಟ್ಟಿ ನೋಡಿದರು. ಕೋಚ್ ನಮ್ಮಿಬ್ಬರ ನಡುವೆ ಬಂದು ನಿಂತರು. "ಡಾಕ್ಟರ್ ಬೇಡ ಅಂದರೆ ಬೇಡ. ಖಲಾಸ್."

ಸೋತೆವು. ಅವನನ್ನು ಯಾಕೆ ಆಡಿಸಲಿಲ್ಲ ಎಂದು ಪತ್ರಕರ್ತರು ಕೇಳಿದಾಗ ಕೋಚ್, "ನನ್ನ ತೀರ್ಮಾನ" ಎಂದಷ್ಟೇ ಹೇಳಿದರು, ನನ್ನ ಹೆಸರೆತ್ತಲಿಲ್ಲ. ಮುಂದಿನ ವಾರ ಅವರನ್ನು ತೆಗೆದುಹಾಕಿದರು. ನಾನು ಎಂದಿನಂತೆ ಕೆಲಸಕ್ಕೆ ಹೋದೆ.

ವೀಸಾ ರದ್ದಾಗಿ ಊರಿಗೆ ಹೊರಡುವವರೆಗೆ ಅವರು ಮುರಕ್ಕಬಾತ್‌ನ ಫ್ಲ್ಯಾಟಿನಲ್ಲೇ ಇದ್ದರು. ಡಿಸೆಂಬರಿನ ಒಂದು ಸಂಜೆ ಫೋನ್ ಮಾಡಿದರು. "ನಾಳೆ ನಮ್ಮ ಮನೆತನದ ಸಂತನ ದಿನ, ಡಾಕ್ಟರ್. ನಾನು ಇಡೀ ದಿನ ಮನೆಯಲ್ಲೇ ಇರುತ್ತೇನೆ. ಗೋಧಿ ನೆನೆಸಿಟ್ಟಿದ್ದೇನೆ." ನಾನು, "ಒಳ್ಳೆಯದು ಕೋಚ್, ಕಾಲಿಗೆ ರೆಸ್ಟ್ ಕೊಡಿ" ಎಂದೆ. ಅವರು ಇನ್ನೇನೋ ಹೇಳುತ್ತಾರೆಂದು ಕಾದೆ. ಹೇಳಲಿಲ್ಲ.

ಹೆಂಡತಿಗೆ ತಿಳಿಸಿದಾಗ ಅವಳು ಕೇಳಿದಳು, "ಬನ್ನಿ ಅಂತ ಹೇಳಿದ್ರಾ?"

"ಇಲ್ಲ ಮಾರಾಯ್ತಿ. ಮನೆಯಲ್ಲಿ ಇರ್ತೇನೆ ಅಂದ್ರು, ಅಷ್ಟೇ."

"ಮತ್ತೆ ಕರೆಯದೆ ಹೋಗುದು ಹೇಗೆ? ಅವ್ರ ಪೈಕಿಯವ್ರು ಸುಮಾರು ಜನ ಬಂದಿರ್ತಾರೆ. ನಾವು ಅವ್ರ ಎಡೆಯಲ್ಲಿ ಹೋಗಿ ಎಂತ ಮಾಡುದು?"

ನನಗೂ ಅದು ಸರಿಯೆನಿಸಿತು. ಸರಿಯೆನಿಸಿದ್ದಷ್ಟೇ ಅಲ್ಲ, ಸ್ವಲ್ಪ ಬೇಜಾರೂ ಆಯಿತು. ಗೃಹಪ್ರವೇಶಕ್ಕೆ ಮನೆಗೆ ಬಂದು ಹೇಳದೆ ಫೋನಿನಲ್ಲಿ ಆಮಂತ್ರಣದ ಚಿತ್ರ ಕಳಿಸಿದರೆಂದು ಸ್ವಂತ ಸೋದರಮಾವನ ಮನೆಗೇ ಹೋಗದೆ ಕುಳಿತ ವಂಶ ನಮ್ಮದು. ಇಷ್ಟು ದಿನ ಕಾಲು ಹಿಡಿದವನಿಗೆ 'ಬಾ' ಎಂಬ ಒಂದು ಮಾತು ಬೇಡವೇ ಎಂದುಕೊಂಡೆ. ಆ ಬೇಜಾರಿನ ಅಡಿಯಲ್ಲಿ ಹೆದರಿಕೆಯೂ ಇತ್ತು, ಅದನ್ನು ಹೆಂಡತಿಗೆ ಹೇಳಲಿಲ್ಲ. ತೆಗೆದುಹಾಕಿದ ಕೋಚ್ ಮನೆಗೆ ಹೋದೆನೆಂದು ಕ್ಲಬ್ಬಿನವರ ಕಿವಿಗೆ ಬಿದ್ದರೆ? ಕರೆಯಲಿಲ್ಲವೆಂಬ ನೆಪ ಆ ಹೆದರಿಕೆಗೆ ಒಳ್ಳೆಯ ಮರೆಯಾಯಿತು. ಮರುದಿನ ನಾವು ಅಲ್ ಕುಸೈಸ್‌ನ ನಮ್ಮ ಮನೆಯಲ್ಲೇ ನೀರುದೋಸೆ ಮಾಡಿ ತಿಂದು ಟಿವಿ ನೋಡಿದೆವು.

ಅವರು ಊರಿಗೆ ಹೋದರು. ಆಗಾಗ ಸಂದೇಶ ಕಳಿಸುತ್ತಿದ್ದರು: ಕಾಲು ಚೆನ್ನಾಗಿದೆ, ಇಲ್ಲಿ ಚಳಿ, ನಿಮ್ಮವರಿಗೆ ನಮಸ್ಕಾರ ಹೇಳಿ. ಒಂದಿಷ್ಟೂ ಅಸಮಾಧಾನವಿರಲಿಲ್ಲ. ಬೇಸಿಗೆಯಲ್ಲಿ ಒಂದು ದಿನ ಅದೇ ನಂಬರಿನಿಂದ ಅವರ ಮಗಳ ಸಂದೇಶ ಬಂತು. ಹೃದಯಾಘಾತ, ನಿದ್ದೆಯಲ್ಲೇ ಹೋಗಿದ್ದರು.

ನಾಲ್ಕು ಸಮಾಧಾನದ ಮಾತು ಹೇಳೋಣವೆಂದು ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ನಿಧಾನವಾದ ಇಂಗ್ಲಿಷಿನಲ್ಲಿ ನನಗೇ ಧನ್ಯವಾದ ಹೇಳತೊಡಗಿದಳು. "ನಮ್ಮ ಸಂತನ ದಿನಕ್ಕೆ ಯಾರನ್ನೂ ಕರೆಯುವ ಹಾಗಿಲ್ಲ, ಡಾಕ್ಟರ್. ಕರೆದರೆ ಅದು ಹಬ್ಬವೇ ಅಲ್ಲ. ಬಾಗಿಲು ತೆರೆದಿಟ್ಟು ಕಾಯಬೇಕು, ನೆನಪಿಟ್ಟುಕೊಂಡವರು ತಾವಾಗಿ ಬರಬೇಕು. ಕೆಲಸ ಕಳೆದುಕೊಂಡವನ ಮನೆಗೆ ಆ ದೂರದ ಊರಿನಲ್ಲಿ ಯಾರು ಬರುತ್ತಾರೆಂದು ನನಗೆ ಸಂಕಟವಾಗಿತ್ತು. ಸಂಜೆ ಫೋನ್ ಮಾಡಿದರೆ ಅಪ್ಪ ಎಷ್ಟು ಖುಷಿಯಲ್ಲಿದ್ದರು! ಡಾಕ್ಟರ್ ಹೆಂಡತಿಯ ಜೊತೆ ಬಂದಿದ್ದರು, ಹಬ್ಬದ ಸಿಹಿ ಗೋಧಿಯನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದರು, ಈಗಷ್ಟೇ ಹೋದರು ಅಂದರು."

ಲೈನ್ ಕಡಿದುಹೋಯಿತೆಂದುಕೊಂಡು ಅವಳು, "ಹಲೋ, ಡಾಕ್ಟರ್, ಇದ್ದೀರಾ?" ಎಂದು ಕೇಳಿದಳು. ಆಮೇಲೆ ಸಂಕೋಚದಿಂದ, "ಅಮ್ಮ ಹೋದ ಮೇಲೆ ಅಪ್ಪನೇ ಗೋಧಿ ಬೇಯಿಸುತ್ತಿದ್ದರು. ಸಕ್ಕರೆ ಯಾವಾಗಲೂ ಜಾಸ್ತಿ ಹಾಕುತ್ತಿದ್ದರು. ಅವತ್ತು ಹೇಗಿತ್ತು?" ಎಂದಳು.

"ಚೆನ್ನಾಗಿತ್ತಮ್ಮ" ಎಂದೆ. "ಸಕ್ಕರೆ ಸರಿಯಾಗಿತ್ತು."